ಗುಂಡಿನ ಸದ್ದು ನಿಂತ ಮೇಲೆ ಮಣ್ಣಿನ ಲೆಕ್ಕ

ಗಂಗಾವತಿ ಸೀಮೆಯ ಗುಂಡೂರಿನಲ್ಲಿ 1990ರ ದಶಕದ ಕೊನೆಯ ಹೊತ್ತಿಗೆ ಒಂದು ಪ್ರಯೋಗ ನಡೆಯಿತು. ಭತ್ತದ ಗದ್ದೆಗಳ ಅಡಿಯಲ್ಲಿ ತೂತುಗಳಿರುವ ಕೊಳವೆಗಳನ್ನು ಹೂಳಿ, ಬೇರಿನ ಮಟ್ಟದಲ್ಲಿ ನಿಂತ ಉಪ್ಪುನೀರನ್ನು ಬಸಿದು ಹೊರಗೆ ಕಳಿಸುವ ಪ್ರಯೋಗ ಅದು. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಂದ ಮೇಲೆ, ಕಡಿಮೆ ನೀರಿನ ಬೆಳೆಗೆಂದು ಗುರುತಿಸಿದ್ದ ಹೊಲಗಳೂ ಗದ್ದೆಗಳಾಗಿದ್ದವು. ನೀರು ಹರಿದು ಬರಲು ದಾರಿಯಿತ್ತು, ಬಸಿದು ಹೋಗಲು ಇರಲಿಲ್ಲ. ಹತ್ತಾರು ಸಾವಿರ ಹೆಕ್ಟೇರ್ ನೆಲ ಸವಳು-ಜವಳಿಗೆ ಸಿಕ್ಕಿತು. ಆ ನೆಲವನ್ನು ಮರಳಿ ಪಡೆಯುವ ಕೆಲಸದಲ್ಲಿ ಆಗ ಧಾರವಾಡ ಕೃಷಿ ವಿಶ್ವವಿದ್ಯಾಲಯದ ಅಡಿಯಲ್ಲಿದ್ದ ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರ, ಹರಿಯಾಣದ ಕರ್ನಾಲ್‌ನಲ್ಲಿರುವ ಕೇಂದ್ರೀಯ ಮಣ್ಣು ಲವಣತೆ ಸಂಶೋಧನಾ ಸಂಸ್ಥೆ, ನೆದರ್ಲೆಂಡ್ಸ್‌ನ ವಾಖೆನಿಂಗನ್‌ನ ತಜ್ಞರು ಒಂದೇ ಸಾಲಿನಲ್ಲಿ ನಿಂತರು. ಆಂಧ್ರ, ಗುಜರಾತ್, ರಾಜಸ್ಥಾನಗಳ ಕೃಷಿ ವಿಶ್ವವಿದ್ಯಾಲಯಗಳೂ ಜೊತೆಗಿದ್ದವು. ಇಂಡೋ-ಡಚ್ ನೆಟ್‌ವರ್ಕ್ ಯೋಜನೆ ಎಂದೇ ಅದಕ್ಕೆ ಹೆಸರು. ಗುಂಡೂರಿನ ಮಣ್ಣಿನ ಅಳತೆಯನ್ನು ರಾಜಸ್ಥಾನದ ಹನುಮಾನ್‌ಗಢದವರು ಓದುತ್ತಿದ್ದರು, ಅಲ್ಲಿಯದನ್ನು ಇಲ್ಲಿಯವರು.

ಡಚ್ಚರಿಗೆ ಉಪ್ಪುನೆಲದ ವಿದ್ಯೆ ಸಮುದ್ರದ ಜೊತೆಗಿನ ನೂರಾರು ವರ್ಷಗಳ ಒಡನಾಟದಿಂದ ಬಂದದ್ದು. ಆದರೆ ಅದರಲ್ಲಿ ಒಂದು ಅಧ್ಯಾಯವನ್ನು ಯುದ್ಧ ಬರೆಯಿತು. 1944ರ ಅಕ್ಟೋಬರ್‌ನಲ್ಲಿ ವಾಲ್ಖೆರೆನ್ ದ್ವೀಪದಲ್ಲಿ ಬೀಡುಬಿಟ್ಟಿದ್ದ ಜರ್ಮನ್ ಸೈನ್ಯವನ್ನು ಹೊರಗಟ್ಟಲು ಮಿತ್ರರಾಷ್ಟ್ರಗಳ ವಿಮಾನಗಳು ಅಲ್ಲಿನ ಸಮುದ್ರ ಒಡ್ಡುಗಳ ಮೇಲೆ ಬಾಂಬ್ ಹಾಕಿದವು. ಕಡಲು ಹೊಲಕ್ಕೆ ನುಗ್ಗಿತು. ಒಡೆದ ಒಡ್ಡುಗಳನ್ನು ಪೂರ್ತಿ ಕಟ್ಟುವಷ್ಟರಲ್ಲಿ 1946 ಬಂದಿತ್ತು. ಅಲ್ಲಿಯವರೆಗೆ ಉಬ್ಬರ ಇಳಿತದ ನೀರು ದಿನವೂ ಆ ಹೊಲಗಳಲ್ಲಿ ಬಂದು ಹೋಗುತ್ತಿತ್ತು. ಉಪ್ಪು ಕುಡಿದ ಜೇಡಿಮಣ್ಣಿಗೆ ಜಿಪ್ಸಂ ಹಾಕಿ, ಬಸಿಗಾಲುವೆ ತೋಡಿ, ಯಾವ ಬೆಳೆ ಎಷ್ಟು ಉಪ್ಪನ್ನು ತಾಳುತ್ತದೆ ಎಂದು ವರ್ಷ ವರ್ಷ ಅಳೆದು ಬರೆದಿಟ್ಟರು. 1953ರ ಮಹಾಪ್ರವಾಹದಲ್ಲಿ ಕಡಲು ಮತ್ತೆ ಒಳನುಗ್ಗಿದಾಗ ಆ ಬರಹ ಕೈಯಲ್ಲಿತ್ತು. ಗಂಗಾವತಿಯ ರೈತನ ಗದ್ದೆಗೆ ನಾಲ್ಕೈದು ದಶಕಗಳ ನಂತರ ಬಂದ ತಿಳಿವಳಿಕೆಯ ಹಿಂದೆ ಇಂಥ ಎಷ್ಟೋ ಹೊಲಗಳ ನೋವು, ಎಷ್ಟೋ ಕಡತಗಳ ಶ್ರಮ ಇದೆ.

ಯುದ್ಧಪೀಡಿತ ನಾಡುಗಳ ಪರಿಸರ ಚೇತರಿಕೆಗೆ ಅಂತರರಾಷ್ಟ್ರೀಯ ನೆರವು ಎಂದ ಕೂಡಲೇ ನಮಗೆ ರಾಜಧಾನಿಗಳ ಸಮ್ಮೇಳನ, ದೊಡ್ಡ ದೇಶಗಳ ಹಣದ ಘೋಷಣೆ, ಸಹಿ ಹಾಕುವ ಸಮಾರಂಭಗಳು ಕಣ್ಣಿಗೆ ಕಟ್ಟುತ್ತವೆ. ಅವೆಲ್ಲ ಬೇಕು. ಆದರೆ ಕಳೆದ ಎಂಬತ್ತು ವರ್ಷಗಳ ಅನುಭವವನ್ನು ಎದುರಿಗಿಟ್ಟು ನೋಡಿದರೆ, ಕೆಟ್ಟ ನೆಲ ನಿಜವಾಗಿ ಚೇತರಿಸಿಕೊಂಡದ್ದು ಅದೇ ಬಗೆಯ ಕೇಡನ್ನು ಕಂಡ ಇನ್ನೊಂದು ನೆಲದ ಅನುಭವ, ಅಳತೆ ಮತ್ತು ದಾಖಲೆಗಳ ರೂಪದಲ್ಲಿ ಅಲ್ಲಿಗೆ ಬಂದು ತಲುಪಿದಾಗ. ಹಣ ಮತ್ತು ಕಾನೂನು ಆ ಅಳತೆಯ ಬೆನ್ನಿಗೆ ಬಂದಿವೆ. ಅಳತೆಯಿಲ್ಲದ ಕಡೆ ಬಂದೂ ಕೆಲಸಕ್ಕೆ ಬಂದಿಲ್ಲ, ಅಥವಾ ಬರಲೇ ಇಲ್ಲ. ಹಾಗಾಗಿ ಒಂದು ನೆಲದ ಅನುಭವವನ್ನು ಇನ್ನೊಂದಕ್ಕೆ ದಾಟಿಸುವ ಈ ಜಾಲದಲ್ಲಿ ಕೊಪ್ಪಳದ ಬಳಿಯ ಗಿಣಿಗೇರಾ, ಗಂಗಾವತಿಯಂಥ ಊರುಗಳಿಗೂ ಜಾಗವಿದೆ, ಕೆಲಸವೂ ಇದೆ.

ವಿಯೆಟ್ನಾಂ ಇದಕ್ಕೆ ಎಲ್ಲಕ್ಕಿಂತ ದೊಡ್ಡ ಸಾಕ್ಷಿ. 1962ರಿಂದ 1971ರವರೆಗೆ ಅಮೆರಿಕದ ಸೇನೆ ಅಲ್ಲಿನ ಕಾಡು, ಹೊಲಗಳ ಮೇಲೆ ಏಳು ಕೋಟಿ ಲೀಟರಿಗೂ ಹೆಚ್ಚು ಕಳೆನಾಶಕ ಸುರಿಯಿತು. ಅದರಲ್ಲಿ ಹೆಚ್ಚಿನ ಪಾಲು ಏಜೆಂಟ್ ಆರೆಂಜ್. ಅದರೊಳಗೆ ಬೆರೆತಿದ್ದದ್ದು ಡಯಾಕ್ಸಿನ್ ಎಂಬ ಘೋರ ವಿಷ. ಯುದ್ಧ ಮುಗಿದು ಇಪ್ಪತ್ತು ವರ್ಷ ಕಳೆದರೂ ಏನೂ ಆಗಲಿಲ್ಲ. ಇಡೀ ದಕ್ಷಿಣ ವಿಯೆಟ್ನಾಮೇ ವಿಷ ಎಂದು ಒಬ್ಬರು, ಏನೂ ಉಳಿದಿಲ್ಲ ಎಂದು ಇನ್ನೊಬ್ಬರು. ಹೊಣೆ ಹೊರಬೇಕಾದವರಿಗೆ ಈ ಜಗಳ ಅನುಕೂಲವೇ ಆಗಿತ್ತು, ಏಕೆಂದರೆ ಎಲ್ಲೆಲ್ಲೂ ಇದೆ ಎನ್ನುವ ಕೇಡನ್ನು ಶುದ್ಧಿ ಮಾಡಲು ಯಾರಿಂದಲೂ ಆಗುವುದಿಲ್ಲ. ಈ ಕಗ್ಗಂಟು ಬಿಚ್ಚಿದ್ದು ಸರ್ಕಾರಗಳ ಮಾತುಕತೆಯಿಂದಲ್ಲ. 1990ರ ದಶಕದಲ್ಲಿ ವಿಯೆಟ್ನಾಮಿನ 10-80 ಸಮಿತಿಯ ವಿಜ್ಞಾನಿಗಳು ಮತ್ತು ಕೆನಡಾದ ಹ್ಯಾಟ್‌ಫೀಲ್ಡ್ ಸಂಸ್ಥೆಯವರು ಕೂಡಿ ‘ಆ ಲುವೊಯ್’ ಎಂಬ ಕಣಿವೆಯಲ್ಲಿ ಮಣ್ಣು, ಮೀನು, ಬಾತುಕೋಳಿ, ಜನರ ರಕ್ತ ಎಲ್ಲವನ್ನೂ ಪರೀಕ್ಷಿಸಿದರು. ವಿಮಾನದಿಂದ ಸಿಂಪಡಿಸಿದ ಬೆಟ್ಟಗಳಲ್ಲಿ ವಿಷ ಬಹಳಷ್ಟು ಇಳಿದುಹೋಗಿತ್ತು. ಪೀಪಾಯಿಗಳನ್ನು ಕೂಡಿಟ್ಟು, ಚೆಲ್ಲಿ, ತೊಳೆದಿದ್ದ ಹಳೆಯ ಸೇನಾ ನೆಲೆಗಳ ಮಣ್ಣಿನಲ್ಲಿ ಅದು ಕೂತಿತ್ತು. ಅಲ್ಲಿಂದ ಕೆರೆಯ ಕೆಸರಿಗೆ, ಕೆಸರಿನಿಂದ ಮೀನಿಗೆ, ಮೀನಿನಿಂದ ತಾಯಿಯ ಎದೆಹಾಲಿಗೆ ಹೋಗುತ್ತಿತ್ತು. ಮುಂದಿನ ಶೋಧದಲ್ಲಿ ಇಂಥ 28 ಸ್ಥಳಗಳನ್ನು ಗುರುತಿಸಿದರು. ಡಾ ನಾಂಗ್, ಬಿಯೆನ್ ಹೋವಾ, ಫು ಕಾಟ್ ವಿಮಾನ ನೆಲೆಗಳು ಅದರಲ್ಲಿ ಮೊದಲ ಸಾಲಿನವು.

ದೇಶದಷ್ಟು ದೊಡ್ಡದಾಗಿದ್ದ ಕೇಡು ಹೀಗೆ ಬೇಲಿ ಹಾಕಬಹುದಾದಷ್ಟು ಚಿಕ್ಕದಾಯಿತು. ಫೋರ್ಡ್ ಪ್ರತಿಷ್ಠಾನ ಹಣ ಕೊಟ್ಟಿತು, ಎರಡೂ ದೇಶಗಳ ನಾಗರಿಕರು ಕೂಡಿ ಮಾತಾಡುವ ವೇದಿಕೆಯೊಂದು 2007ರಲ್ಲಿ ಹುಟ್ಟಿತು, ಅದಾದ ಮೇಲೆ ಅಮೆರಿಕದ ಸಂಸತ್ತು ಹಣ ಬಿಡುಗಡೆ ಮಾಡಿತು. ಡಾ ನಾಂಗ್‌ನಲ್ಲಿ 2012ರಲ್ಲಿ ಶುರುವಾದ ಕೆಲಸ 2018ಕ್ಕೆ ಮುಗಿಯಿತು. ಸುಮಾರು 90,000 ಘನಮೀಟರ್ ಮಣ್ಣು, ಕೆಸರನ್ನು ಮುಚ್ಚಿದ ಗುಡ್ಡೆಯಲ್ಲಿಟ್ಟು ಕಾಯಿಸಿ ವಿಷವನ್ನು ಒಡೆದರು. ಇದರಲ್ಲಿ ಗಮನಿಸಬೇಕಾದ ಅನುಕ್ರಮ ಇಷ್ಟು: ಮೊದಲು ಅಳೆದವರು ಬಂದರು, ಆಮೇಲೆ ಮಾತು, ಕೊನೆಗೆ ಹಣ. ಹಣ ಒಬ್ಬರ ಕೈಯಲ್ಲೇ ಇದ್ದರೆ ಏನಾಗುತ್ತದೆ ಎನ್ನುವುದನ್ನೂ ಅದೇ ದೇಶ ತೋರಿಸಿತು. 2025ರ ಆರಂಭದಲ್ಲಿ ಅಮೆರಿಕ ತನ್ನ ವಿದೇಶಿ ನೆರವನ್ನು ತಡೆಹಿಡಿದಾಗ ಬಿಯೆನ್ ಹೋವಾದಲ್ಲಿ ಕೆಲಸ ನಿಂತು, ಅಗೆದ ವಿಷಮಣ್ಣು ಮಳೆಗಾಲದ ಮುಂದೆ ಬಯಲಲ್ಲಿ ಉಳಿಯುವ ಭಯ ಎದುರಾಯಿತು. ಕೆಲಸ ಮತ್ತೆ ಶುರುವಾಯಿತು, ಆದರೆ ಒಂದೇ ಕಂಬದ ಮೇಲೆ ನಿಂತ ಜಾಲ ಜಾಲವಲ್ಲ. ಇದಕ್ಕೆ ಎದುರಾಗಿ ಸೈಗಾನಿನ ಬಳಿಯ ಕಾನ್ ಜಿಯೊ ಮ್ಯಾಂಗ್ರೋವ್ ಕಾಡನ್ನು ನೋಡಬೇಕು. ಕಳೆನಾಶಕದಿಂದ ಸತ್ತ ಆ ಕಾಡನ್ನು 1978ರಿಂದ ನಗರದ ಜನರೇ ಕೈಯಾರೆ ಮತ್ತೆ ನೆಟ್ಟು ಬೆಳೆಸಿದರು. ಯುನೆಸ್ಕೊ ಅದನ್ನು ಜೀವಗೋಳ ಸಂರಕ್ಷಿತ ಪ್ರದೇಶದ ಪಟ್ಟಿಗೆ ಸೇರಿಸಿದ್ದು 2000ದಲ್ಲಿ, ಅಂದರೆ ಕಾಡು ಎದ್ದು ನಿಂತ ಮೇಲೆ.

ಕುವೈತ್ ಕಥೆ ಬೇರೆ, ಅಲ್ಲಿ ಹಣ ಬಂತು. 1991ರಲ್ಲಿ ಹಿಮ್ಮೆಟ್ಟುವಾಗ ಇರಾಕಿ ಸೈನ್ಯ ಆರುನೂರಕ್ಕೂ ಹೆಚ್ಚು ಎಣ್ಣೆಬಾವಿಗಳಿಗೆ ಬೆಂಕಿಯಿಟ್ಟಿತು. ವಿಶ್ವಸಂಸ್ಥೆಯ ಭದ್ರತಾ ಮಂಡಳಿ ಪರಿಹಾರ ಆಯೋಗವೊಂದನ್ನು ಮಾಡಿ, ಪರಿಸರ ಹಾನಿಗೂ ಪರಿಹಾರ ಕೇಳಬಹುದು ಎಂದು ಮೊದಲ ಬಾರಿಗೆ ಸ್ಪಷ್ಟವಾಗಿ ಹೇಳಿತು. ಆಯೋಗ ಒಟ್ಟು ಸುಮಾರು 5,240 ಕೋಟಿ ಡಾಲರ್ ಪರಿಹಾರ ಕೊಟ್ಟಿತು. ಅದರಲ್ಲಿ ಪರಿಸರದ ಪಾಲು ಐನೂರು ಕೋಟಿ ಡಾಲರಿಗೂ ಹೆಚ್ಚು. ಕೊನೆಯ ಕಂತು ಸಂದಾಯವಾದದ್ದು 2022ರ ಜನವರಿಯಲ್ಲಿ. ಆಯೋಗ ಮಾಡಿದ ಜಾಣ ಕೆಲಸ ಬೇರೊಂದಿದೆ. ಶುದ್ಧಿಗೆ ಹಣ ಕೊಡುವ ಮುಂಚೆ, ಹಾನಿಯನ್ನು ಅಳೆಯುವುದಕ್ಕೆಂದೇ ಬೇರೆ ಹಣ ಕೊಟ್ಟಿತು. ಆ ಅಳತೆಯ ಆಧಾರದ ಮೇಲೆ ಬೇಡಿಕೆಗಳಲ್ಲಿ ಬಹಳಷ್ಟನ್ನು ತಳ್ಳಿಹಾಕಿತು, ಉಳಿದದ್ದನ್ನು ಎತ್ತಿಹಿಡಿಯಿತು. ಈ ಹಣ ಬಂದದ್ದು ಇರಾಕಿನ ತೈಲದ ಆದಾಯದಿಂದ. ಸದ್ದಾಮ್ ಹುಸೇನ್ ಮಾಡಿದ ಕೇಡಿಗೆ ಆತನ ಕೈಕೆಳಗೆ ನರಳಿದ ಜನರೇ ಮೂರು ದಶಕ ದಂಡ ತೆತ್ತರು ಎಂಬ ಆಕ್ಷೇಪದಲ್ಲಿ ಸತ್ಯವಿದೆ. ಪರಿಹಾರ ನ್ಯಾಯವಾದದ್ದೇ, ಆದರೆ ಸೋತವನಿಂದ ಮಾತ್ರ ವಸೂಲಾಗುವ ನ್ಯಾಯ ಅದು. ಗೆದ್ದವರ ಬಾಂಬಿನಿಂದ ಕೆಟ್ಟ ಇರಾಕಿನ ನೆಲಕ್ಕೆ ಅಂಥ ಆಯೋಗ ಸಿಗಲಿಲ್ಲ.

ಅದೇ ಇರಾಕಿನ ದಕ್ಷಿಣದಲ್ಲಿ ಟೈಗ್ರಿಸ್-ಯೂಫ್ರೆಟಿಸ್ ನದಿಗಳ ಜೌಗು ನಾಡಿದೆ. ತನ್ನ ವಿರುದ್ಧ ದಂಗೆ ಎದ್ದವರು ಅಲ್ಲಿ ಅಡಗಿದ್ದಾರೆಂದು ಸದ್ದಾಮ್ ಸರ್ಕಾರ 1990ರ ದಶಕದಲ್ಲಿ ಒಡ್ಡು, ಕಾಲುವೆ ಹಾಕಿ ನೀರನ್ನೇ ತಿರುಗಿಸಿತು. ಜೊಂಡಿನ ನಡುವೆ ಎಮ್ಮೆ ಕಟ್ಟಿಕೊಂಡು ಬದುಕುತ್ತಿದ್ದ ಜನ ಚದುರಿಹೋದರು. ಸುಮಾರು ಶೇ 90ರಷ್ಟು ಜೌಗು ಒಣಗಿದೆ ಎಂದು ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ 2001ರಲ್ಲಿ ಉಪಗ್ರಹ ಚಿತ್ರಗಳನ್ನು ಮುಂದಿಟ್ಟು ತೋರಿಸಿತು. 2003ರಲ್ಲಿ ಸರ್ಕಾರ ಬಿದ್ದ ಕೂಡಲೇ ಯಾವ ತಜ್ಞರಿಗೂ ಕಾಯದೆ ಊರಿನವರು ಸಲಿಕೆ ಹಿಡಿದು ಒಡ್ಡುಗಳನ್ನು ಒಡೆದರು. ಅಮೆರಿಕದಲ್ಲಿ ನೆಲೆಸಿದ್ದ ಇರಾಕಿ ಎಂಜಿನಿಯರ್ ಅಜ್ಜಾಮ್ ಅಲ್ವಾಶ್ ತಾಯ್ನಾಡಿಗೆ ಮರಳಿ ನೇಚರ್ ಇರಾಕ್ ಸಂಸ್ಥೆ ಕಟ್ಟಿದರು. ಇಟಲಿ, ಜಪಾನ್ ಹಣ ಮತ್ತು ತಾಂತ್ರಿಕ ನೆರವು ಕೊಟ್ಟವು. ನೀರು ಬಂದ ಕಡೆ ಜೊಂಡು ಬಂತು, ಹಕ್ಕಿ ಬಂತು, ಎಮ್ಮೆಯೂ ಬಂತು. 2016ರಲ್ಲಿ ಆ ಜೌಗು ವಿಶ್ವ ಪರಂಪರೆಯ ಪಟ್ಟಿ ಸೇರಿತು. ಈಚಿನ ಬರಗಾಲಗಳಲ್ಲಿ ಅದು ಮತ್ತೆ ಒಣಗುತ್ತಿದೆ, ಏಕೆಂದರೆ ಮೇಲಿನ ದೇಶಗಳ ಅಣೆಕಟ್ಟುಗಳಿಂದ ಬರುವ ನೀರೇ ಕಡಿಮೆ. ಕಾಲುವೆಯ ಕೊನೆ ಭಾಗದ ರೈತರ ಗೋಳು ತಿಳಿದ ಯಾರಿಗೂ ಇದನ್ನು ವಿವರಿಸಬೇಕಿಲ್ಲ. ನದಿಯ ಮೇಲ್ಭಾಗದವರನ್ನು ಒಳಗೆ ಸೇರಿಸಿಕೊಳ್ಳದ ಜಾಲ ಅರ್ಧ ಜಾಲ.

ಇನ್ನು ನಮಗೆ ಎಲ್ಲಕ್ಕಿಂತ ಹತ್ತಿರದ ಉದಾಹರಣೆ. 2023ರ ಜೂನ್ 6ರಂದು ಉಕ್ರೇನಿನ ನೀಪ್ರೊ ನದಿಯ ಮೇಲಿನ ಕಖೋವ್ಕಾ ಅಣೆಕಟ್ಟು ಯುದ್ಧದ ನಡುವೆ ಒಡೆಯಿತು. 1956ರಲ್ಲಿ ಕಟ್ಟಿದ ಆ ಜಲಾಶಯದಲ್ಲಿ ಸುಮಾರು 18 ಘನ ಕಿಲೋಮೀಟರ್, ಅಂದರೆ ನಮ್ಮ ಲೆಕ್ಕದಲ್ಲಿ ಆರುನೂರು ಟಿಎಂಸಿ ಅಡಿಗೂ ಹೆಚ್ಚು ನೀರು ಹಿಡಿಯುತ್ತಿತ್ತು. 1953ರಲ್ಲಿ 133 ಟಿಎಂಸಿ ಅಡಿ ಇದ್ದು, ಹೂಳು ತುಂಬಿ ಈಗ ಸುಮಾರು 105ಕ್ಕೆ ಇಳಿದಿರುವ ತುಂಗಭದ್ರೆಯಂಥ ಆರು ಜಲಾಶಯಗಳ ನೀರು ಅದು. ಕೆಳಗಿನ ಊರುಗಳು ಮುಳುಗಿದವು, ಮೇಲಿನ ಕಾಲುವೆಗಳು ಒಣಗಿದವು, ಖೆರ್ಸಾನ್ ಸೀಮೆಯ ನೀರಾವರಿ ಬಹುಪಾಲು ಒಂದೇ ಏಟಿಗೆ ನಿಂತುಹೋಯಿತು. ಎರಡು ಸಾವಿರ ಚದರ ಕಿಲೋಮೀಟರಿಗೂ ಮಿಕ್ಕ ಜಲಾಶಯದ ಒಡಲು ಬಯಲಾಯಿತು. ಕಾರ್ಖಾನೆಗಳ ಭಾರಲೋಹಗಳನ್ನು ದಶಕಗಳಿಂದ ಹಿಡಿದಿಟ್ಟಿದ್ದ ಹೂಳು ಅದು. ಅದರ ಮೇಲೆ ವಿಲೋ ಮರಗಳ ಕಾಡು ತಾನಾಗಿ ಎದ್ದು ನಿಂತಿದೆ. ಅಣೆಕಟ್ಟನ್ನು ಮತ್ತೆ ಕಟ್ಟಬೇಕೇ, ಕಾಡನ್ನೇ ಉಳಿಸಬೇಕೇ ಎಂಬ ಚರ್ಚೆ ಅಲ್ಲಿ ಈಗ ಬಿಸಿಯಾಗಿದೆ. ಕಾಲುವೆಗೆ ಬದುಕು ಕಟ್ಟಿದ ರೈತನ ಮಾತು, ನದಿ ಮೊದಲಿನಂತೆ ಹರಿಯಲಿ ಎನ್ನುವ ಪರಿಸರ ವಿಜ್ಞಾನಿಯ ಮಾತು, ಎರಡಕ್ಕೂ ತೂಕವಿದೆ.

ತುಂಗಭದ್ರಾ ಸೀಮೆಗೆ ಈ ಭಯದ ರುಚಿ ಯುದ್ಧವಿಲ್ಲದೆಯೇ ಸಿಕ್ಕಿದೆ. 2024ರ ಆಗಸ್ಟ್ 10ರ ರಾತ್ರಿ ಜಲಾಶಯದ 33 ಕ್ರಸ್ಟ್‌ಗೇಟ್‌ಗಳಲ್ಲಿ 19ನೆಯದರ ಚೈನ್‌ಲಿಂಕ್ ತುಂಡಾಗಿ ಗೇಟು ಕೊಚ್ಚಿಹೋಯಿತು. ಒತ್ತಡ ಇಳಿಸಲು ಉಳಿದ ಗೇಟುಗಳನ್ನೂ ತೆಗೆದು ತುಂಬಿದ್ದ ನೀರನ್ನು ಹೊಳೆಗೆ ಬಿಡಬೇಕಾಯಿತು. ನಿವೃತ್ತ ತಜ್ಞ ಕನ್ಹಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ಸುತ್ತಲಿನ ಕಾರ್ಖಾನೆಗಳಲ್ಲಿ ತಯಾರಾದ ಸ್ಟಾಪ್‌ಲಾಗ್ ಎಂಬ ಉಕ್ಕಿನ ತಡೆಗಳನ್ನು ಹರಿಯುವ ನೀರಿನಲ್ಲೇ ಇಳಿಸಿ, ಒಂದು ವಾರದೊಳಗೆ ಹರಿವನ್ನು ತಡೆದರು. ಹರಿಯುವ ನೀರಿನಲ್ಲಿ ಉಕ್ಕಿನ ತಡೆ ಇಳಿಸುವ ಕೌಶಲ, ಹೂಳಿನ ಲೆಕ್ಕ, ನೀರು ಕಡಿಮೆಯಾದ ವರ್ಷ ಯಾವ ಬೆಳೆಗೆ ಹೋಗಬೇಕೆಂಬ ರೈತರ ಅನುಭವ, ಸವಳು ನೆಲದ ಮೂರು ದಶಕಗಳ ಅಳತೆ: ಕಖೋವ್ಕಾದ ಜನಕ್ಕೆ ಮುಂದಿನ ವರ್ಷಗಳಲ್ಲಿ ಬೇಕಾಗುವುದು ಇಂಥವೇ. ನಮ್ಮದು ದೊಡ್ಡ ನೆರವಿನ ದೇಶವಲ್ಲ ಎಂಬ ಸಂಕೋಚ ಇಲ್ಲಿ ಬೇಕಿಲ್ಲ, ಯುದ್ಧ ಕಂಡೂ ನೀರಾವರಿ ಉಳಿಸಿಕೊಂಡ ನೆಲ ನಮ್ಮದೂ ಹೌದು. ಕೃಷ್ಣಾ-ತುಂಗಭದ್ರೆಗಳ ನಡುವಿನ ಈ ದೋಆಬ್ ತಲೆಮಾರುಗಳ ಕಾಲ ವಿಜಯನಗರ ಮತ್ತು ಬಹಮನಿ, ಆದಿಲ್‌ಶಾಹಿಗಳ ಕಾಳಗದ ಅಂಗಳವಾಗಿತ್ತು. 1565ರ ಯುದ್ಧದ ನಂತರ ವಿಜಯನಗರದ ರಾಜಧಾನಿ ಹಾಳಾಯಿತು. ಆದರೆ ಆನೆಗೊಂದಿ, ಗಂಗಾವತಿ, ಹುಲಿಗಿ, ಶಿವಪುರಗಳ ವಿಜಯನಗರ ಕಾಲುವೆಗಳಲ್ಲಿ ಇಂದಿಗೂ ನೀರು ಹರಿಯುತ್ತಿದೆ.

ಇಷ್ಟಾದರೂ ಗಿಣಿಗೇರಾದಲ್ಲಿ ನಿಂತು ಯಾರಾದರೂ ಕೇಳಬಹುದಾದ ಪ್ರಶ್ನೆಯೊಂದಿದೆ. ನಮ್ಮ ಮಾಳಿಗೆ ಮೇಲೇ ಕಪ್ಪು ಬೂದಿ ಬೀಳುತ್ತಿರುವಾಗ ಉಕ್ರೇನಿನ ಮಾತು ಯಾಕೆ? ಗಿಣಿಗೇರಾ, ಅಲ್ಲಾನಗರ, ಹಿರೇಬಗನಾಳದ ಸುತ್ತ ಉಕ್ಕು ಮತ್ತು ಮೆದುಕಬ್ಬಿಣದ ಕಾರ್ಖಾನೆಗಳು ಸಾಲುಗಟ್ಟಿವೆ. ದೂಳು ಬೆಳೆಯ ಮೇಲೂ, ಜನರ ಉಸಿರಿನ ಮೇಲೂ ಕೂರುತ್ತಿದೆ ಎಂಬ ದೂರು ವರ್ಷಗಳಿಂದ ಇದೆ. ಇನ್ನೊಂದು ಬೃಹತ್ ಉಕ್ಕು ಕಾರ್ಖಾನೆ ಬೇಡವೆಂದು 2025ರ ಫೆಬ್ರುವರಿ 24ರಂದು ಕೊಪ್ಪಳ ಬಂದ್ ಆಯಿತು. ಪ್ರಶ್ನೆ ನ್ಯಾಯವಾದದ್ದು. ಉತ್ತರಕ್ಕೆ ಸರ್ಬಿಯಾದ ಪಾಂಚೆವೊ ಎಂಬ ಕೈಗಾರಿಕಾ ಪಟ್ಟಣಕ್ಕೆ ಹೋಗಬೇಕು. 1999ರಲ್ಲಿ ನ್ಯಾಟೊ ವಿಮಾನಗಳು ಅಲ್ಲಿನ ತೈಲ ಶುದ್ಧೀಕರಣ ಘಟಕ, ಪೆಟ್ರೋಕೆಮಿಕಲ್ ಮತ್ತು ಗೊಬ್ಬರದ ಕಾರ್ಖಾನೆಗಳ ಮೇಲೆ ಬಾಂಬ್ ಹಾಕಿದವು. ಪಾದರಸ, ಕ್ಲೋರಿನ್ ಬೆರೆತ ರಾಸಾಯನಿಕಗಳು ಮಣ್ಣಿಗೂ ಡ್ಯಾನ್ಯೂಬ್ ಸೇರುವ ಕಾಲುವೆಗೂ ಹರಿದವು. ವಿಶ್ವಸಂಸ್ಥೆ ಕೂಡಲೇ ತಜ್ಞರ ತಂಡ ಕಳಿಸಿತು. ಯುದ್ಧದ ಪರಿಸರ ಹಾನಿಯನ್ನು ಸ್ಥಳದಲ್ಲೇ ಅಳೆಯುವ ಅದರ ಪರಿಪಾಠ ಶುರುವಾದದ್ದು ಅಲ್ಲಿಂದ. ಪಾಂಚೆವೊ, ನೋವಿಸಾದ್, ಕ್ರಾಗುಯೆವಾತ್ಸ್, ಬೋರ್ ಈ ನಾಲ್ಕು ಕಡೆ ತುರ್ತು ಶುದ್ಧಿ ಬೇಕೆಂದು ತಂಡ ಹೇಳಿತು. ಅದರ ಜೊತೆಗೇ, ಕೆಲವು ಕಡೆಯ ವಿಷ ಬಾಂಬ್ ಬೀಳುವ ಎಷ್ಟೋ ಮುಂಚಿನದು ಎಂದೂ ಹೇಳಬೇಕಾಯಿತು. ಎಷ್ಟು ಕಾರ್ಖಾನೆಯದು, ಎಷ್ಟು ಬಾಂಬಿನದು ಎಂದು ಬೇರ್ಪಡಿಸಲು ಹಳೆಯ ದಾಖಲೆ ಸಾಲದಾಯಿತು. ಹೊಣೆಯನ್ನು ಒಬ್ಬರು ಇನ್ನೊಬ್ಬರ ಮೇಲೆ ಹೊರಿಸಲು ಅಷ್ಟು ಸಾಕಿತ್ತು.

ಮೊದಲೇ ಅಳೆದಿಡದ ನೆಲ ಯುದ್ಧದಲ್ಲೂ ಸೋಲುತ್ತದೆ, ಶಾಂತಿಯಲ್ಲೂ ಸೋಲುತ್ತದೆ. ಹಿರೇಬಗನಾಳದ ರೈತ ತನ್ನ ಹೊಲದ ಮಣ್ಣು ಕಾರ್ಖಾನೆ ಬರುವ ಮುಂಚೆ ಹೇಗಿತ್ತು ಎಂದು ತೋರಿಸಬೇಕಾದರೆ ಎದುರಾಗುವ ಕಷ್ಟ, ಪಾಂಚೆವೊದವರು ಎದುರಿಸಿದ ಕಷ್ಟವೇ. ಗಾಳಿಯ ದೂಳು, ಬಾವಿಯ ನೀರು, ಮಣ್ಣಿನ ಲೋಹಗಳನ್ನು ಅಳೆಯುವ ವಿಧಾನ, ಆ ಅಳತೆ ನ್ಯಾಯಾಲಯದಲ್ಲಿ ನಿಲ್ಲುವಂತೆ ದಾಖಲಿಸುವ ಕ್ರಮ ಎರಡೂ ಕಡೆ ಒಂದೇ. ಹಾಗಾಗಿ ದೂರದ ಯುದ್ಧಭೂಮಿಯ ಜಾಲಕ್ಕೆ ಸೇರುವುದೆಂದರೆ ನಮ್ಮ ಮನೆಯ ಕೆಲಸ ಬಿಟ್ಟು ಹೋಗುವುದಲ್ಲ. ಅದೇ ಕೆಲಸಕ್ಕೆ ಬೇಕಾದ ವಿದ್ಯೆ ಅಲ್ಲಿ ಇನ್ನೂ ಹರಿತವಾಗಿ ಬೆಳೆದಿದೆ. ನಮ್ಮಲ್ಲಿ ಜನಬಲ ಇಲ್ಲವೆಂದಲ್ಲ. ಕೊಪ್ಪಳದ ಗವಿಮಠದ ಗವಿಸಿದ್ಧೇಶ್ವರ ಸ್ವಾಮೀಜಿಯವರ ಮುಂದಾಳತ್ವದಲ್ಲಿ 2019ರಲ್ಲಿ ಹಿರೇಹಳ್ಳವನ್ನು ಇಪ್ಪತ್ತು ಕಿಲೋಮೀಟರಿಗೂ ಹೆಚ್ಚು ಉದ್ದಕ್ಕೆ ಜನ ಸ್ವಚ್ಛಗೊಳಿಸಿದರು, ಗಿಣಿಗೇರಾದ ಕೆರೆಯ ಹೂಳನ್ನೂ ಅವರ ಪ್ರೇರಣೆಯಿಂದಲೇ ತೆಗೆದರು. ಅಷ್ಟು ಕೈಗಳು ಒಂದಾದ ಕಡೆ ಪ್ರತಿ ವರ್ಷ ನೀರು, ಮಣ್ಣಿನ ಲೆಕ್ಕವನ್ನೂ ಬರೆದಿಡುವ ಏರ್ಪಾಡು ಸೇರಿದರೆ ಆ ದುಡಿಮೆ ಸಾಕ್ಷ್ಯವೂ ಆಗುತ್ತದೆ.

ಜನ ಸಾಯುತ್ತಿರುವಾಗ ಮರ, ಮಣ್ಣಿನ ಮಾತು ಆಮೇಲೆ ಎನ್ನುವವರಿದ್ದಾರೆ. ಅವರ ಕಳಕಳಿಯನ್ನು ತಳ್ಳಿಹಾಕಲಾಗದು, ಆದರೆ ಆ ಎರಡನ್ನು ಬೇರೆ ಮಾಡಲೂ ಆಗದು. ಗಾಜಾದ ಬಗ್ಗೆ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ 2024ರ ಜೂನ್‌ನಲ್ಲಿ ಕೊಟ್ಟ ಆರಂಭಿಕ ವರದಿಯಲ್ಲಿ ಅವಶೇಷಗಳ ರಾಶಿಯೇ 3.9 ಕೋಟಿ ಟನ್ ಎಂಬ ಅಂದಾಜಿತ್ತು. ಕೊಳಚೆ ಶುದ್ಧೀಕರಣ ಘಟಕಗಳು ನಿಂತು ಹೊಲಸು ನೀರು ಕಡಲಿಗೂ ಅಂತರ್ಜಲಕ್ಕೂ ಸೇರುತ್ತಿತ್ತು. ಗುಂಡಿಗೆ ಸಿಗದೆ ಉಳಿದ ಮಗು ಕುಡಿಯುವ ನೀರು ಅದು. ಕಾನೂನಿಗೆ ಹಲ್ಲಿಲ್ಲದಿರುವಾಗ ಜಾಲದಿಂದೇನು ಎನ್ನುವುದು ಇನ್ನೊಂದು ಆಕ್ಷೇಪ. 1977ರ ಜಿನೀವಾ ಹೆಚ್ಚುವರಿ ಪ್ರೋಟೊಕಾಲ್ ಅಣೆಕಟ್ಟುಗಳಿಗೆ ರಕ್ಷಣೆ ಕೊಡುತ್ತದೆ, ಪರಿಸರಕ್ಕೆ ವ್ಯಾಪಕ, ದೀರ್ಘಕಾಲದ, ತೀವ್ರ ಹಾನಿ ಮಾಡಬಾರದು ಎನ್ನುತ್ತದೆ. ಆದರೆ ಮೂರೂ ಒಟ್ಟಿಗೆ ಸಾಬೀತಾಗಬೇಕು, ಭಾರತವಂತೂ ಅದಕ್ಕೆ ಸೇರಿಲ್ಲ. ವಿಶ್ವಸಂಸ್ಥೆಯ ಅಂತರರಾಷ್ಟ್ರೀಯ ಕಾನೂನು ಆಯೋಗ 2022ರಲ್ಲಿ ರೂಪಿಸಿದ 27 ತತ್ತ್ವಗಳು ಒಳ್ಳೆಯವು, ಆದರೆ ಕಡ್ಡಾಯವಲ್ಲದವು. ಇದನ್ನೆಲ್ಲ ಒಪ್ಪಿಕೊಂಡೇ ಹೇಳಬೇಕು: ಉಕ್ರೇನಿನ ಹಾನಿ ದಾಖಲಿಸಲು 2023ರಲ್ಲಿ ಯುರೋಪಿನ ದೇಶಗಳು ಹೇಗ್ ನಗರದಲ್ಲಿ ಒಂದು ನೋಂದಣಿ ಕಚೇರಿ ತೆರೆದದ್ದು ತೀರ್ಪು ಬರುವವರೆಗೆ ಕಾಯಬಾರದು ಎಂದೇ. ಕಾನೂನಿಗೆ ಹಲ್ಲು ಬಂದ ದಿನ ಕಚ್ಚಲು ಸಾಕ್ಷ್ಯ ಇರಬೇಕು. ಹಣವನ್ನು ಸಲಹೆಗಾರರೇ ತಿಂದುಹಾಕುತ್ತಾರೆ ಎಂಬ ಮೂರನೆಯ ದೂರಿಗೆ ಉತ್ತರ ಗುಂಡೂರಿನಲ್ಲೇ ಇದೆ. ಡಚ್ ತಜ್ಞರು ಮರಳಿ ಹೋದರು. ಗಂಗಾವತಿ ಕೇಂದ್ರದಲ್ಲಿ ಸವಳು ನೆಲದ ಸಂಶೋಧನೆ ನಿಲ್ಲಲಿಲ್ಲ. ಊರಿನ ಸಂಸ್ಥೆಯ ಕೈಯಲ್ಲಿ ವಿದ್ಯೆ ಉಳಿಸದ ಯೋಜನೆಗೆ ಸಹಿ ಹಾಕಬಾರದು, ಅಷ್ಟೆ.

ಹಾಗಾಗಿ ಕೋರಿಕೆ ಸರಳವಾದದ್ದು. ರಾಯಚೂರು ಕೃಷಿ ವಿಶ್ವವಿದ್ಯಾಲಯ ಮತ್ತು ಅದರ ಗಂಗಾವತಿ ಕೇಂದ್ರ ತಮ್ಮ ಸವಳು-ಜವಳು ನೆಲದ ಅಳತೆಗಳನ್ನು ಇರಾಕ್, ಉಕ್ರೇನ್‌ಗಳ ಕೃಷಿ ವಿಜ್ಞಾನಿಗಳ ಜೊತೆ ಹಂಚಿಕೊಳ್ಳಲಿ, ಅಲ್ಲಿನ ಯುವ ಸಂಶೋಧಕರನ್ನು ತುಂಗಭದ್ರಾ ಅಚ್ಚುಕಟ್ಟಿಗೆ ಕರೆಸಲಿ. ಕೊಪ್ಪಳ ವಿಶ್ವವಿದ್ಯಾಲಯ ಗಿಣಿಗೇರಾ ಸುತ್ತಲಿನ ಹಳ್ಳಿಗಳ ಗಾಳಿ, ನೀರು, ಮಣ್ಣನ್ನು ವರ್ಷಕ್ಕೆರಡು ಬಾರಿ ಅಳೆದು, ಆ ಅಂಕಿಗಳನ್ನು ಗ್ರಾಮ ಪಂಚಾಯಿತಿಯ ಗೋಡೆಯ ಮೇಲೆ ಕನ್ನಡದಲ್ಲಿ ಬರೆಸಲಿ. ಮಾಲಿನ್ಯ ನಿಯಂತ್ರಣ ಮಂಡಳಿ ತನ್ನಲ್ಲಿರುವ ಹಳೆಯ ಅಳತೆಗಳನ್ನು ಜನರ ಮುಂದಿಡಲಿ. ಮುಂದಿನ ಮುಂಗಾರಿಗೆ ಮುಂಚೆ ಮೊದಲ ಸುತ್ತಿನ ಮಣ್ಣು ಮಾದರಿ ತೆಗೆಯಲು ಬೇಕಾದ ಪ್ರಯೋಗಾಲಯಗಳು, ಕಲಿತ ಹುಡುಗ-ಹುಡುಗಿಯರು ಈ ಸೀಮೆಯಲ್ಲೇ ಇದ್ದಾರೆ.